ಬಯಲುಸೀಮೆಯ ಹಿತ್ತಲುಗಳು

ತುಮಕೂರು ಜಿಲ್ಲೆಯ ಉತ್ತರ ಭಾಗದಲ್ಲಿರುವ ಕೊರಟಗೆರೆ, ಮಧುಗಿರಿ, ಶಿರಾ, ಪಾವಗಡ ತಾಲ್ಲೂಕುಗಳನ್ನು ಕುರಿತು ಹೊರಗಿನವರು ಮಾತನಾಡುವಾಗ ಕಲ್ಲು, ಕೋಟೆ, ಬರ ಎಂಬ ಮೂರು ಶಬ್ದಗಳೇ ಮತ್ತೆ ಮತ್ತೆ ಕೇಳಿಬರುತ್ತವೆ. ಮೂರೂ ಅಲ್ಲಿರುವುದು ನಿಜ. ಆದರೆ ಅಲ್ಲಿಯ ಹಳೆಯ ಮನೆಗಳ ತಲೆಬಾಗಿಲಿನಿಂದ ಒಳಹೊಕ್ಕು, ನಡುಮನೆ, ಅಡುಗೆಮನೆ, ಬಚ್ಚಲುಗಳನ್ನು ದಾಟಿ ಹಿಂಬಾಗಿಲನ್ನು ತೆರೆದವರಿಗೆ ಬೇರೊಂದು ನೋಟವೇ ಕಾಣುತ್ತದೆ. ಅಂಗೈಯಗಲದ ನೆಲದಲ್ಲಿ ನಾಲ್ಕು ಬಾಳೆ, ಒಂದು ನುಗ್ಗೆ, ಒಂದು ಕರಿಬೇವು, ಬೇಲಿಯ ಮಗ್ಗುಲಿಗೆ ಕಣಗಿಲೆ, ನಂದಿಬಟ್ಟಲು, ಚಪ್ಪರದ ಮೇಲೆ ಅವರೆ ಅಥವಾ ಹೀರೆಯ ಬಳ್ಳಿ. ವರ್ಷಕ್ಕೆ 500ರಿಂದ 600 ಮಿಲಿಮೀಟರಿನ ಆಸುಪಾಸಿನಲ್ಲಿ ಮಳೆ ಕಾಣುವ ಸೀಮೆಯಲ್ಲಿ ಇಷ್ಟು ಹಸಿರು ತಾನಾಗಿ ಬರುವುದಿಲ್ಲ. ಮಲೆನಾಡಿನಲ್ಲಿ ಹಿತ್ತಲು ಬೆಳೆಯುತ್ತದೆ. ಬಯಲುಸೀಮೆಯಲ್ಲಿ ಅದನ್ನು ಕಟ್ಟಬೇಕಾಗುತ್ತದೆ. ನೀರು ಎಲ್ಲಿಂದ ಹೊರಟು ಎಲ್ಲಿ ನಿಲ್ಲಬೇಕು ಎಂಬುದನ್ನು ಕಲ್ಲುಮಣ್ಣುಗಳಲ್ಲಿ ನಿಶ್ಚಯಿಸಿದ ಮೇಲೆಯೇ ಗಿಡದ ಮಾತು.

ನಮ್ಮ ಮನೆಗಳಲ್ಲಿ ಹಿತ್ತಲಿಗೆ ಇನ್ನೊಂದು ನಂಟೂ ಇತ್ತು. ಇಷ್ಟಲಿಂಗ ಪೂಜೆಯ ಪತ್ರೆ ಪುಷ್ಪಗಳು ಅಲ್ಲಿಂದಲೇ ಬರುತ್ತಿದ್ದವು. ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸಿದ ಸಿದ್ಧರಾಮೇಶ್ವರರನ್ನೂ, ಹೂವನ್ನೇ ಕಾಯಕವಾಗಿಸಿಕೊಂಡ ಹೂಗಾರ ಮಾದಯ್ಯನವರನ್ನೂ ನೆನೆಯುವ ಸಮಾಜ ನಮ್ಮದು. ಬಾಲ್ಯದಲ್ಲಿ ಮಠದ ಪಾಠಶಾಲೆಯಲ್ಲಿದ್ದಾಗ ಬೆಳಗಿನ ಪಾಠಕ್ಕೆ ಮುನ್ನ ಹೂದೋಟಕ್ಕೆ ನೀರು ಹೊರುವುದು ನಮ್ಮೆಲ್ಲರ ಕರ್ತವ್ಯವಾಗಿತ್ತು. ಈಗ ಅನೇಕ ಮನೆಗಳಲ್ಲಿ ಪತ್ರೆಯೂ ಪ್ಲಾಸ್ಟಿಕ್ ಚೀಲದಲ್ಲಿ ಪೇಟೆಯಿಂದ ಬರುತ್ತದೆ; ಹಿತ್ತಲಿದ್ದೆಡೆಯಲ್ಲಿ ಸಿಮೆಂಟಿನ ನೆಲವಿದೆ. ಕಳೆದ ವರ್ಷ ಈ ನಾಲ್ಕು ತಾಲ್ಲೂಕುಗಳಲ್ಲಿ ಸಂಚರಿಸುವ ಸಂದರ್ಭ ಒದಗಿದಾಗ, ಇಳಿದುಕೊಂಡ ಮನೆಗಳ ಹಿಂಬಾಗಿಲನ್ನು ತೆರೆಸಿ ನೋಡುವುದನ್ನು ನಾನೊಂದು ನಿಯಮವಾಗಿಯೇ ಇಟ್ಟುಕೊಂಡೆ.

ಕೊರಟಗೆರೆಯ ಕಡೆ ನೆಲ ಸ್ವಲ್ಪ ದಯಾಳು. ದೇವರಾಯನದುರ್ಗದಲ್ಲಿ ಹುಟ್ಟಿದ ಜಯಮಂಗಲಿ ಆ ತಾಲ್ಲೂಕನ್ನು ಹಾಯ್ದು ಮಧುಗಿರಿಯ ಕಡೆಗೆ ಸಾಗುತ್ತಾಳೆ. ಬೇಸಗೆಯಲ್ಲಿ ಬರಿಯ ಮರಳಾಗಿ ಕಂಡರೂ ದಂಡೆಯ ತೆಂಗು ಅಡಿಕೆಗಳು ನದಿಯ ಗುರುತನ್ನು ಬಿಟ್ಟುಕೊಡುವುದಿಲ್ಲ. ಈ ತಾಲ್ಲೂಕಿನ ಸಿದ್ಧರಬೆಟ್ಟವು ಗಿಡಮೂಲಿಕೆಗಳಿಗೆ ಪ್ರಸಿದ್ಧವಾದುದು. ದರ್ಶನಕ್ಕೆ ಬಂದವರಲ್ಲಿ ಕೆಲವರು ಕಂಡ ಮೂಲಿಕೆಯನ್ನು ಬೇರುಸಹಿತ ಕಿತ್ತು ಚೀಲಕ್ಕೆ ತುಂಬುವುದುಂಟು. ಮನೆ ಸೇರುವ ಹೊತ್ತಿಗೆ ಅದು ಬಾಡಿ ಹೋಗಿರುತ್ತದೆ. ಬೆಟ್ಟದ ತಪ್ಪಲಿನ ಒಂದು ಮನೆಯವರು ಮಾತ್ರ ಇಳಿಜಾರಾದ ತಮ್ಮ ಹಿತ್ತಲಿಗೆ ಮೂರು ಮೆಟ್ಟಿಲುಗಳಂತೆ ಒಣಗಲ್ಲಿನ ಕಟ್ಟೆಗಳನ್ನು ತಾವೇ ಕಟ್ಟಿ, ಮೇಲಿನದರಲ್ಲಿ ತುಳಸಿ, ನಡುವೆ ದೊಡ್ಡಪತ್ರೆ, ಆಡುಸೋಗೆ, ನೀರು ಇಂಗಿ ತೇವ ನಿಲ್ಲುವ ಕೆಳಗಿನ ಮೆಟ್ಟಿಲಿನಲ್ಲಿ ಒಂದೆಲಗವನ್ನು ಬೆಳೆಸಿದ್ದಾರೆ. ಎಲ್ಲವೂ ಕಡ್ಡಿಯಿಂದ ಅಥವಾ ಬೀಜದಿಂದ ಬಂದವು. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ಆ ಮನೆಯವರು ಒಪ್ಪಲಾರರು.

ಮಧುಗಿರಿಯಲ್ಲಿ ಕಲ್ಲಿಗೆ ಬರವಿಲ್ಲ. ಸುಮಾರು 3,900 ಅಡಿ ಎತ್ತರದ ಆ ಏಕಶಿಲಾ ಬೆಟ್ಟವು ಊರಿನ ಯಾವ ಬೀದಿಯಲ್ಲಿ ನಿಂತರೂ ಎದುರಿಗೆ ಬರುತ್ತದೆ. ಅಲ್ಲಿಯ ಒಬ್ಬ ನಿವೃತ್ತ ಮೇಷ್ಟ್ರ ಮನೆಯ ಹಿಂದೆ 20 ಅಡಿ ಅಗಲ, 30 ಅಡಿ ಉದ್ದದ ಜಾಗವಿದೆ. ಮನೆ ಕಟ್ಟಿದಾಗ ಉಳಿದ ಇಟ್ಟಿಗೆ ಚೂರು, ಸಿಮೆಂಟಿನ ಗಟ್ಟಿ, ಕಲ್ಲು, ಗರಸುಗಳ ರಾಶಿ ಅಲ್ಲಿ ಹಲವು ವರ್ಷ ಬಿದ್ದಿತ್ತು. ಬೆಂಗಳೂರಿನಲ್ಲಿರುವ ಮಗ ಅಲ್ಲಿ ಬಾಡಿಗೆಗೆ ಎರಡು ಕೋಣೆಗಳನ್ನು ಕಟ್ಟಿಸುವುದಾಗಿ ಹೇಳಿದನಂತೆ. ಅವನ ಮಾತಿನಲ್ಲಿ ಅನ್ಯಾಯವೇನೂ ಇಲ್ಲ. ನಿವೃತ್ತಿ ವೇತನದ ಸಂಸಾರಕ್ಕೆ ಬಾಡಿಗೆ ಒಂದು ಆಸರೆಯೇ ಸರಿ. ಆದರೆ ತಾಯಿ, "ನಂಗೆ ಎರಡು ವರ್ಷ ಬಿಡಪ್ಪ, ಆಮೇಲೆ ನೋಡಣ" ಎಂದು ಗಡುವು ಕೇಳಿದರು.

ಮೊದಲ ಮಳೆಗಾಲದಲ್ಲಿ ದಂಪತಿಗಳು ಏನನ್ನೂ ನೆಡಲಿಲ್ಲ. ಮಳೆ ಬಂದಾಗ ಹಿಂಬಾಗಿಲಲ್ಲಿ ನಿಂತು ನೀರು ಎತ್ತ ಹರಿಯುತ್ತದೆ, ಎಲ್ಲಿ ಮಡುಗಟ್ಟುತ್ತದೆ ಎಂಬುದನ್ನು ನೋಡಿ, ಅಲ್ಲಲ್ಲಿ ಗೂಟ ಹೊಡೆದರು. ಅನಂತರ ರಾಶಿಯನ್ನು ವಿಂಗಡಿಸಿದರು. ದಪ್ಪ ಕಲ್ಲುಗಳು ಕಟ್ಟೆಗೆ, ಇಟ್ಟಿಗೆಯ ಚೂರುಗಳು ಬಚ್ಚಲ ಗುಂಡಿಗೆ, ಗರಸು ಕಾಲುದಾರಿಗೆ. ಬಚ್ಚಲಿನ ಹೊರಗೆ ಮೂರಡಿ ಉದ್ದಗಲ, ಮೂರಡಿ ಆಳದ ಗುಂಡಿ ತೋಡಿ, ಸುತ್ತ ಗಾರೆಯಿಲ್ಲದೆ ಕಲ್ಲು ಪೇರಿಸಿ, ತಳದಲ್ಲಿ ದಪ್ಪ ಚೂರು, ಅದರ ಮೇಲೆ ಜಲ್ಲಿ, ಎಲ್ಲಕ್ಕೂ ಮೇಲೆ ಮರಳನ್ನು ತುಂಬಿದರು. ಸೋಪಿನ ಜಿಡ್ಡು ಮರಳಿನಲ್ಲಿ ನಿಲ್ಲುತ್ತದೆ; ಕೆಲವು ತಿಂಗಳಿಗೊಮ್ಮೆ ಮೇಲಿನ ಗೇಣುದ್ದ ಮರಳನ್ನು ಬದಲಿಸಿದರೆ ಸಾಕು. ಸೋಸಿದ ನೀರು ಗುಂಡಿಯ ತಳದಿಂದ ಹೊರಟು, ಹಳೆಯ ನಾಡಹೆಂಚುಗಳನ್ನು ಅಂಗಾತ ಜೋಡಿಸಿದ ಕಾಲುವೆಯಲ್ಲಿ, ಇನ್ನೂ ತಗ್ಗಿನಲ್ಲಿರುವ ಬಾಳೆಯ ಪಾತಿಗೆ ಹೋಗುತ್ತದೆ. ಹತ್ತಡಿಗೆ ಎರಡಂಗುಲದ ಇಳಿಜಾರು. ಮೇಸ್ತ್ರಿಗಳು ಮಟ್ಟ ನೋಡುವ ನೀರು ತುಂಬಿದ ಪಾರದರ್ಶಕ ಪೈಪನ್ನು ಎರವಲು ತಂದು ಮೇಷ್ಟ್ರೇ ಅಳತೆ ಹಿಡಿದರು. ಮನೆಯಲ್ಲಿ ನಾಲ್ವರು, ತಲೆಗೆ 40 ಲೀಟರ್ ಸ್ನಾನದ ನೀರು. ದಿನಕ್ಕೆ 160 ಲೀಟರ್. ಮೊದಲು ಅಷ್ಟೂ ಬೀದಿಯ ಮೋರಿಗೆ ಹೋಗುತ್ತಿತ್ತು. ಈ ನೀರನ್ನು ಬಾಳೆ, ತೆಂಗುಗಳಿಗೆ ಮಾತ್ರ ಬಿಡುತ್ತಾರೆ. ಸೊಪ್ಪಿನ ಮಡಿಗೆ ಬಿಡುವುದಿಲ್ಲ. ಇದು ಸರಿಯಾದ ಕ್ರಮ.

ದಾಳಿಂಬೆಯಲ್ಲಿ ಮಧುಗಿರಿಯ ಹೆಸರಿನದೇ ಒಂದು ತಳಿಯಿದೆ ಎಂಬುದನ್ನು ಓದುಗರಲ್ಲಿ ಕೆಲವರಾದರೂ ಬಲ್ಲರು. ಬೇರಿನಲ್ಲಿ ನೀರು ನಿಂತರೆ ಈ ಗಿಡ ಸಹಿಸದು. ಆದುದರಿಂದ ಅದಕ್ಕೆ ಒಂದೂವರೆ ಅಡಿ ಎತ್ತರದ ಕಲ್ಲುಕಟ್ಟೆ. ಕೆರೆಗೋಡು, ತಿಪ್ಪೆಗೊಬ್ಬರ, ಮರಳುಗಳನ್ನು ಬೆರೆಸಿ ತುಂಬಿ, ಗಿಡದಿಂದ ಒಂದು ಮೊಳ ದೂರದಲ್ಲಿ ಕತ್ತಿನವರೆಗೆ ಒಂದು ಮಣ್ಣಿನ ಮಡಕೆಯನ್ನು ಹೂತಿದ್ದಾರೆ. ಮಡಕೆಗೆ ನೀರು ತುಂಬಿ ಮುಚ್ಚಳವಿಟ್ಟರೆ ಅದು ಮೂರು ನಾಲ್ಕು ದಿನ ಮೆಲ್ಲಗೆ ಒಸರುತ್ತದೆ, ಬೇರು ಅದನ್ನು ಹುಡುಕಿಕೊಂಡು ಬರುತ್ತದೆ. ಕೋತಿಗಳ ಕಾಟಕ್ಕೆ ಕಾಯಿಗಳಿಗೆಲ್ಲ ಹಳೆಯ ಬಟ್ಟೆಯ ಚೀಲ ಕಟ್ಟಿದ್ದಾರೆ; ಫಲ ಪೂರ್ತಿಯಾಗಿ ದಕ್ಕುತ್ತದೆಂದು ಹೇಳಲಾರೆ. ಚಪ್ಪರದ ಕಲ್ಲುಕಂಬಗಳನ್ನು ನಿಲ್ಲಿಸುವ ದಿನ ಮಾತ್ರ ಕೂಲಿಯವರನ್ನು ಕರೆದಿದ್ದರಂತೆ. ಉಳಿದುದೆಲ್ಲ ಹಾರೆ, ಗುದ್ದಲಿ, ಮಂಕರಿಗಳಿಂದ ಇಬ್ಬರೇ ಮಾಡಿದ ಕೆಲಸ. ದಿನಕ್ಕೆ ಒಂದು ಗಂಟೆ, ಬಿಸಿಲೇರುವ ಮುನ್ನ.

ಎರಡು ವರ್ಷದ ಗಡುವು ಕಳೆದಿದೆ. ಶಿವರಾತ್ರಿಗೆ ಬಂದಿದ್ದ ಮಗ ಟೇಪು ಹಿಡಿದು ಅರ್ಧ ಜಾಗವನ್ನು ಅಳೆದುಕೊಂಡು ಹೋಗಿದ್ದಾನೆ. ಅವನು ಅಳೆದ ಗೆರೆಯ ನಟ್ಟನಡುವೆ ತಾಯಿ ಒಂದು ಬಿಲ್ವದ ಸಸಿಯನ್ನು ನೆಟ್ಟಿದ್ದಾರೆ. "ಕಡೀಲಿ ನೋಡಣ, ಅಯ್ಯನವರೇ" ಎಂದು ನನ್ನೆದುರಿಗೇ ನಕ್ಕರು. ಮೇಷ್ಟ್ರು ನಗಲಿಲ್ಲ. ಆ ಮಾತು ಮನೆಯೊಳಗೆ ಇನ್ನೂ ಮುಗಿದಂತೆ ತೋರಲಿಲ್ಲ.

ಶಿರಾದಲ್ಲಿ ಹಿತ್ತಲಿಗಿಂತ ದೊಡ್ಡ ತೋಟವೊಂದರ ನೆನಪಿದೆ. 1687ರಲ್ಲಿ ಮೊಗಲರ ವಶಕ್ಕೆ ಬಂದ ಈ ಪಟ್ಟಣ ಅವರ ಸುಬಾದ ರಾಜಧಾನಿಯಾಗಿತ್ತು. ಅವರ ಅಧಿಕಾರಿ ದಿಲಾವರ್ ಖಾನನ ಕಾಲದಲ್ಲಿ ಶಿರಾ ಅರಮನೆ, ಉದ್ಯಾನಗಳಿಂದ ಮೆರೆಯಿತು. 1760ರಲ್ಲಿ ಹೈದರಾಲಿ ಬೆಂಗಳೂರಿನ ಲಾಲ್‌ಬಾಗನ್ನು ಆರಂಭಿಸಿದಾಗ ಶಿರಾದ ಉದ್ಯಾನವೇ ಅದಕ್ಕೆ ಮಾದರಿಯಾಗಿತ್ತೆಂದು ಇತಿಹಾಸಕಾರರು ಹೇಳುತ್ತಾರೆ. ಲಾಲ್‌ಬಾಗನ್ನು ನಾಡೆಲ್ಲ ಬಲ್ಲದು. ಮಾದರಿಯ ವೈಭವ ಶಿರಾದಲ್ಲಿ ಉಳಿಯಲಿಲ್ಲ. ಅರಸನ ತೋಟಕ್ಕೆ ನೀರು ಹೊರುವ ಕೈಗಳು ಸಂಬಳದ ಕೈಗಳು. ಸಂಬಳ ನಿಂತ ದಿನ ನೀರೂ ನಿಲ್ಲುತ್ತದೆ. ಹೇಮಾವತಿಯ ನೀರು ಬಂದ ವರ್ಷಗಳಲ್ಲಿ ಶಿರಾದ ದೊಡ್ಡ ಕೆರೆ ತುಂಬಿ ಸುತ್ತಲ ಬಾವಿಗಳಿಗೆ ಜೀವ ಬರುತ್ತದೆ. ಅಲ್ಲಿಯ ತೆಂಗಿನ ತೋಟದವರು ಸಿಪ್ಪೆಯನ್ನು ಗುಂಡಿಯ ತಳದಲ್ಲಿ ಅಂಗಾತವಾಗಿಟ್ಟು ಅದರ ಮೇಲೆ ಮಣ್ಣು ತುಂಬಿ ಸಸಿ ನೆಡುತ್ತಾರೆ. ನೀರನ್ನು ಹಿಡಿದಿಡುವ ಈ ಉಪಾಯವನ್ನು ಹಿತ್ತಲಿಟ್ಟುಕೊಂಡ ಎಲ್ಲರೂ ಅನುಸರಿಸಬಹುದು.

ಪಾವಗಡದ ಮಾತು ಬೇರೆ. ಬಹುಪಾಲು ಆಂಧ್ರದ ನೆಲದಿಂದ ಸುತ್ತುವರಿದ ಈ ತಾಲ್ಲೂಕಿನಲ್ಲಿ ಒಂದೇ ಜಗಲಿಯ ಮೇಲೆ ಕನ್ನಡವೂ ತೆಲುಗೂ ಕೂಡಿ ಕುಳಿತಿರುತ್ತವೆ. ತಿರುಮಣಿಯ ಸುತ್ತ ಸುಮಾರು 13,000 ಎಕರೆಯಲ್ಲಿ ಹಾಸಿರುವ ಸೌರ ಫಲಕಗಳು 2,050 ಮೆಗಾವಾಟ್ ಸಾಮರ್ಥ್ಯದವು. ಬಾವಿಗಳನ್ನು ಒಣಗಿಸಿದ ಬಿಸಿಲೇ ದೂರದ ಊರುಗಳಿಗೆ ದೀಪವಾಗಿದೆ. ಇಲ್ಲಿ ಕಷ್ಟವಿರುವುದು ನೀರಿನ ಅಳತೆಯಲ್ಲಿ ಮಾತ್ರವಲ್ಲ, ಗುಣದಲ್ಲಿಯೂ ಇದೆ. ಕಗ್ಗಲ್ಲಿನ ಆಳದಿಂದ ಬರುವ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಅಂಶ ಅನೇಕ ಕಡೆ ಮಿತಿ ಮೀರಿದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲಿನಲ್ಲಿ ಕಂದು ಕಲೆ ಮೂಡುತ್ತದೆ, ಅಂಶ ಇನ್ನೂ ಹೆಚ್ಚಾದರೆ ದೊಡ್ಡವರ ಮೂಳೆ ಕೀಲುಗಳು ಬಿಗಿಯುತ್ತವೆ. ಕಾಯಿಸಿದರೆ ದೋಷ ಹೋಗುತ್ತದೆ ಎಂದು ಅನೇಕ ತಾಯಂದಿರು ನಂಬಿದ್ದಾರೆ. ಹೋಗುವುದಿಲ್ಲ, ನೀರು ಆವಿಯಾಗಿ ಉಳಿದುದರಲ್ಲಿ ಅಂಶ ಹೆಚ್ಚುತ್ತದೆ.

ಪಟ್ಟಣಕ್ಕೆ ಹತ್ತಿರದ ಒಂದು ಹಳ್ಳಿಯಲ್ಲಿ ಕಡಲೆಕಾಯಿ ಬೆಳೆಯುವ ಸಂಸಾರವೊಂದು ತನ್ನ ಹಿತ್ತಲನ್ನು ಹೂವಿಗಿಂತ ಮೊದಲು ಕುಡಿಯುವ ನೀರಿಗಾಗಿ ಸಜ್ಜುಗೊಳಿಸಿದೆ. ಮನೆಯ ಹಿರಿಯ ಮಗಳ ಹಲ್ಲಿನಲ್ಲಿ ಆ ಕಲೆಯಿದೆ. ಅವಳು ನಗುವಾಗ ಕೈಯನ್ನು ಬಾಯಿಗೆ ಅಡ್ಡ ಹಿಡಿಯುತ್ತಾಳೆ. ಹಲ್ಲಿಗೆ ಕೂತ ಕಲೆ ನೀರು ಬದಲಿಸಿದರೆ ಹೋಗುವುದಿಲ್ಲವೆಂದು ವೈದ್ಯರು ತಿಳಿಸಿದಾಗ, ಚಿಕ್ಕವನಿಗಾದರೂ ಬಾರದಿರಲೆಂದು ತಂದೆತಾಯಿಗಳು ಹಾರೆ ಹಿಡಿದರು. ಮನೆಯ ತಾರಸಿ 600 ಚದರಡಿ. 500 ಮಿಲಿಮೀಟರ್ ಮಳೆಯೆಂದು ಹಿಡಿದರೂ ಅದರ ಮೇಲೆ ವರ್ಷಕ್ಕೆ 28,000 ಲೀಟರಿನಷ್ಟು ನೀರು ಬೀಳುತ್ತದೆ. ಐದರಲ್ಲಿ ಒಂದು ಪಾಲು ನಷ್ಟವಾದರೂ 22,000 ಲೀಟರ್ ಉಳಿಯುತ್ತದೆ. ಆ ಸೀಮೆಯ ಹೆಚ್ಚಿನ ಮಳೆ ಉತ್ತರೆ, ಹಸ್ತ, ಚಿತ್ತೆಗಳಲ್ಲಿ ಆಗುವುದರಿಂದ ಕಾರ್ತಿಕದಿಂದ ವೈಶಾಖದವರೆಗಿನ ಏಳು ತಿಂಗಳಿಗೆ ಸಂಗ್ರಹ ಬೇಕು. ಐವರ ಸಂಸಾರಕ್ಕೆ ಕುಡಿಯಲು, ಅಡುಗೆಗೆ ದಿನಕ್ಕೆ 40 ಲೀಟರಿನಂತೆ 8,400 ಲೀಟರ್. ಈ ಲೆಕ್ಕದ ಮೇಲೆ ಒಂಬತ್ತಡಿ ಉದ್ದ, ಎಂಟಡಿ ಅಗಲ, ಐದಡಿ ಆಳದ ತೊಟ್ಟಿ. ಹಿಡಿಯುವುದು 10,000 ಲೀಟರ್. ಅಗೆತವೆಲ್ಲ ಮನೆಯವರದೇ. ಗೋಡೆಯ ಗಾರೆಗೆ ಮಾತ್ರ ಮೇಸ್ತ್ರಿ ಬಂದ. ಹೊಸ ಮಳೆಯ ಮೊದಲ ನೀರು ತಾರಸಿಯ ಧೂಳನ್ನು ತೊಳೆದು ಪಕ್ಕದ ಸಣ್ಣ ಗುಂಡಿಗೆ ಹೋಗುವಂತೆ ಪೈಪಿಗೆ ಬಿರಡೆಯಿದೆ. ಆಮೇಲಿನದು ಜಲ್ಲಿ, ಇದ್ದಿಲು, ಮರಳುಗಳ ಮೂಲಕ ತೊಟ್ಟಿಗೆ ಇಳಿಯುತ್ತದೆ. ಮೇಲೆ ಕಲ್ಲು ಚಪ್ಪಡಿ, ಬೀಗ ಹಾಕುವ ಮುಚ್ಚಳ, ಗಾಳಿಯ ಕಿಂಡಿಗೆ ಸೊಳ್ಳೆ ಜಾಲರಿ. ಮಕ್ಕಳಿರುವ ಮನೆಯಲ್ಲಿ ಬೀಗವನ್ನು ಮರೆಯಬಾರದು. ಈ ನೀರನ್ನು ಕ್ರಿಮಿಗಳ ಸಲುವಾಗಿ ಕಾಯಿಸಿ ಕುಡಿಯುತ್ತಾರೆ. ಅದಕ್ಕೆ ಕಾಯಿಸುವುದು ಉಪಯೋಗವೇ.

ಪಾವಗಡದ ಕೋಟೆಯ ಬಂಡೆಗಳಲ್ಲಿ ಮಳೆನೀರು ನಿಲ್ಲುವ ದೊಣೆಗಳಿವೆ. ಪಾಳೆಯಗಾರರ ದಂಡು ಬೆಟ್ಟದ ಮೇಲೆ ಬದುಕಿದ್ದು ಇಂಥ ನೀರಿನಿಂದಲೇ. "ನಮ್ಮದೂ ಒಂದು ದೊಣೇನೇ, ಅಯ್ಯನವರೇ, ಬೆಟ್ಟ ಮಾತ್ರ ಇಲ್ಲ" ಎಂದರು ಮನೆಯೊಡತಿ.

ತೊಟ್ಟಿ ತುಂಬಿ ಹೆಚ್ಚಾದುದು ನಿಂಬೆ, ನುಗ್ಗೆ, ದಾಸವಾಳಗಳ ಪಾತಿಗಳಿಗೆ ಸಾಲಾಗಿ ಹರಿಯುತ್ತದೆ. ಪಾತಿಗಳಿಗೆಲ್ಲ ನಾಲ್ಕು ಬೆರಳು ದಪ್ಪ ಕಡಲೆಕಾಯಿ ಸಿಪ್ಪೆಯ ಹೊದಿಕೆ. ಬೇಸಗೆಯ ನಡುಹಗಲಿನಲ್ಲಿಯೂ ಅದರಡಿ ಬೆರಳಿಟ್ಟರೆ ಮಣ್ಣು ತಣ್ಣಗಿತ್ತು. ನಾನು ಹೊರಡುವ ಹೊತ್ತಿಗೆ ಪಕ್ಕದ ಮನೆಯವರು ಬಂದು ಹಾರೆಯನ್ನೂ, ಅಳತೆಯ ಹಗ್ಗವನ್ನೂ ಕೇಳಿ ತೆಗೆದುಕೊಂಡು ಹೋದರು. ಅವರ ತಾರಸಿ 450 ಚದರಡಿ. ತೊಟ್ಟಿ ಎಷ್ಟು ಆಳವಿರಬೇಕೆಂದು ಹಿರಿಯ ಮಗಳು ಗೋಡೆಯ ಮೇಲೆ ಇದ್ದಿಲಿನಿಂದ ಲೆಕ್ಕ ಹಾಕುತ್ತಿದ್ದಳು.