ಆಡಳಿತಾಧಿಕಾರಿ ಸಾಕಾ, ಮೆಂಬರ್ ಬೇಕಾ?

ಮಳೆ ಎರಡು ದಿನ ಬಿಡುವು ಕೊಟ್ಟಿದೆ. ರಾಗಿಗೆ ಎಡೆಕುಂಟೆ ಹೊಡೆದು ಮುಗೀತು, ತೊಗರಿ ಸಾಲು ಚೆನ್ನಾಗಿ ಎದ್ದಿದೆ. ಹಂಗಾಗಿ ಇವತ್ತು ಬೆಳೆ ವಿಚಾರ ಬಿಟ್ಟು ಬೇರೆ ಬರೀತೀನಿ.

ಡೈರಿ ಹತ್ರ ಈಚೆಗೆ ಒಂದು ಮಾತು ಪದೇ ಪದೇ ಕೇಳ್ತಾ ಇದೀನಿ. "ಈ ಪಂಚಾಯ್ತಿ ಎಲೆಕ್ಷನ್ನೇ ಬೇಡ ಕಣ್ರಣ್ಣ. ಓದಿರೋ ಅಧಿಕಾರಿ ಒಬ್ಬರನ್ನ ಸರ್ಕಾರವೇ ಹಾಕಿದ್ರೆ ಸಾಕು. ಗುಂಪುಗಾರಿಕೆನೂ ಇರಲ್ಲ, ಬಾಡೂಟಾನೂ ಇರಲ್ಲ." ಹೇಳೋರು ಕೆಟ್ಟವರಲ್ಲ, ಬೇಸತ್ತವರು. ಅದಕ್ಕೇ ಉತ್ತರ ಕೊಡಬೇಕು ಅನ್ನಿಸ್ತು.

ನಮ್ಮ ಕಡೆ ಎಲ್ಲಾ ಥರದ ಆಡಳಿತವನ್ನೂ ನೋಡಿ ಆಗಿದೆ. ಮೊದಲು ಶಾನುಭೋಗರು, ಪಟೇಲರು. ಅವರನ್ನ ಯಾರೂ ಆರಿಸಿದ್ದಲ್ಲ, ಅಪ್ಪನ ಕೆಲಸ ಮಗನಿಗೆ. ಲೆಕ್ಕದ ಪುಸ್ತಕ ಅವರ ಮನೇಲೇ ಇರ್ತಿತ್ತು. ನಮ್ಮಪ್ಪ ಕಂದಾಯ ಕಟ್ಟೋಕೆ ಹೋಗಿ ಜಗಲಿ ಕೆಳಗೆ ನಿಂತು ಕಾದದ್ದನ್ನ ಕೊನೇವರೆಗೂ ಹೇಳ್ತಿದ್ರು. 1963ರ ಫೆಬ್ರುವರಿ 1ರಿಂದ ಆ ವಂಶಪಾರಂಪರ್ಯದ ಹುದ್ದೆಗಳು ರದ್ದಾದವು, ಸಂಬಳದ ನೌಕರರು ಬಂದರು. ಅದು ದೊಡ್ಡ ಬದಲಾವಣೆಯೇ. ಆದ್ರೂ ಅವರು ಉತ್ತರ ಹೇಳಬೇಕಾಗಿದ್ದು ತಾಲ್ಲೂಕು ಕಚೇರಿಗೆ, ನಮಗಲ್ಲ.

1987ರ ಜನವರಿಯಲ್ಲಿ ಮಂಡಲ ಪಂಚಾಯ್ತಿ, ಜಿಲ್ಲಾ ಪರಿಷತ್ ಚುನಾವಣೆ ಆಯ್ತು. ಆಗ ನಾನು ಎಸ್ಸೆಸ್ಸೆಲ್ಸಿ. ಅದರ ಹಿಂದೆ ಇದ್ದವರು ಅಬ್ದುಲ್ ನಜೀರ್ ಸಾಬ್. ಊರೂರಿಗೆ ಬೋರ್‌ವೆಲ್ ಹಾಕಿಸಿ ಜನರ ಬಾಯಲ್ಲಿ 'ನೀರ್ ಸಾಬ್' ಆದವರು. ಅವರ ವ್ಯವಸ್ಥೆಯಲ್ಲಿ ಜಿಲ್ಲಾ ಪರಿಷತ್ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ, ಅವರ ಕೈಕೆಳಗೆ ಐಎಎಸ್ ಅಧಿಕಾರಿ ಮುಖ್ಯ ಕಾರ್ಯದರ್ಶಿ. ಪಂಚೆ ಉಟ್ಟ ರೈತನ ಎದುರು ದೊಡ್ಡ ಅಧಿಕಾರಿ ಫೈಲ್ ಹಿಡಿದು ನಿಂತದ್ದನ್ನ ಜನ ಮೊದಲು ಕಂಡದ್ದು ಆವಾಗ. ಬಹಳ ದಿನ ಬಾಳಲಿಲ್ಲ. ಐದು ವರ್ಷ ಆಗುತ್ತಲೇ 1992ರಲ್ಲಿ ಚುನಾವಣೆ ಬದಲು ಆಡಳಿತಾಧಿಕಾರಿಗಳು ಬಂದರು. ಮುಂದಿನ ವರ್ಷ ಸಂವಿಧಾನಕ್ಕೆ 73ನೇ ತಿದ್ದುಪಡಿ ಬಂತು. ಪಂಚಾಯ್ತಿ ಅವಧಿ ಐದು ವರ್ಷ, ಅದು ಮುಗಿಯೋದರೊಳಗೆ ಚುನಾವಣೆ ಆಗಬೇಕು ಅಂತ ಬರೆದೇ ಇಟ್ಟಿದ್ದಾರೆ.

ಬರೆದದ್ದು ನಡೀತಾ? 2016ರ ಫೆಬ್ರುವರಿಯಲ್ಲಿ ಗೆದ್ದ ಜಿಲ್ಲಾ ಪಂಚಾಯ್ತಿ, ತಾಲ್ಲೂಕು ಪಂಚಾಯ್ತಿ ಸದಸ್ಯರ ಅವಧಿ 2021ಕ್ಕೆ ಮುಗೀತು. ಕ್ಷೇತ್ರ ವಿಂಗಡಣೆ, ಮೀಸಲಾತಿ, ಕೋರ್ಟು ಅಂತ ವರ್ಷಗಟ್ಟಲೆ ಚುನಾವಣೆ ಇಲ್ಲದೆ ಆಡಳಿತಾಧಿಕಾರಿಗಳ ಕೈಲೇ ನಡೀತು. ನನ್ನ ತೋಟಕ್ಕೆ ಹೋಗೋ ರಸ್ತೆ ಮೋರಿ ಆ ಕಾಲದ ಒಂದು ಮಳೇಲಿ ಕೊಚ್ಚಿ ಹೋಯ್ತು. ಅದು ಜಿಲ್ಲಾ ಪಂಚಾಯ್ತಿ ರಸ್ತೆ. ಹಿಂದೆ ಆಗಿದ್ರೆ ಮೆಂಬರ್ ಮನೆಗೆ ಹೋಗ್ತಿದ್ವಿ, ಸಿಗದಿದ್ರೆ ಮದುವೆ ಮನೇಲಿ ಹಿಡೀತಿದ್ವಿ. ಈಗ ಅರ್ಜಿ ಹಿಡ್ಕೊಂಡು ಕಚೇರಿಗೆ ಹೋದೆ. ಅಧಿಕಾರಿ ಮರ್ಯಾದೆಯಿಂದಲೇ ಮಾತಾಡಿದ್ರು, ಸ್ವೀಕೃತಿ ಸೀಲ್ ಹಾಕಿಕೊಟ್ರು. ಮುಂದಿನ ಸಲ ಹೋದಾಗ ಅವರಿಗೆ ವರ್ಗ ಆಗಿತ್ತು. ಹೊಸಬರು "ಇನ್ನೊಂದು ಅರ್ಜಿ ಕೊಡಿ" ಅಂದ್ರು. ಎರಡು ಮಳೆಗಾಲ ತೆಂಗಿನಕಾಯಿ ಆಟೋ ಸುತ್ತು ದಾರೀಲಿ ಬಂತು, ಬಾಡಿಗೆ ಹೆಚ್ಚಾದದ್ದು ನನಗೆ. ಬೆಳಿಗ್ಗೆ ಹಾಲಿನ ಕ್ಯಾನ್ ಹೊತ್ಕೊಂಡು ಹಳ್ಳ ದಾಟಿದ್ದು ಪಕ್ಕದ ಹೊಲದ ಹೆಣ್ಣುಮಕ್ಕಳು. ಆ ಇಬ್ಬರೂ ಅಧಿಕಾರಿಗಳು ಲಂಚ ಕೇಳಲಿಲ್ಲ. ಆದ್ರೆ ಮೋರಿ ಇಲ್ಲದ್ದರಿಂದ ಅವರಿಗೆ ಯಾವ ತೊಂದರೇನೂ ಇರಲಿಲ್ಲ.

ಇದಕ್ಕೆ ಎದುರಾಗಿ ಇನ್ನೊಂದು. ನಮ್ಮ ಪಂಚಾಯ್ತಿಗೆ ಮೀಸಲಾತಿಯಲ್ಲಿ ಬಂದ ಒಬ್ಬ ಅಧ್ಯಕ್ಷೆ ಇದ್ರು. ಮೊದಲ ಆರು ತಿಂಗಳು ಮೀಟಿಂಗಲ್ಲಿ ಗಂಡನೇ ಮಾತಾಡ್ತಿದ್ದ, ನಾವೆಲ್ಲ ನಗ್ತಿದ್ವಿ. ಒಂದು ಬೇಸಿಗೇಲಿ ಕುಡಿಯೋ ನೀರಿನ ಬೋರ್ ಮೋಟರ್ ಸುಟ್ಟೋಯ್ತು. ಮಾರನೇ ದಿನ ಆರು ಗಂಟೆಗೇ ಇಪ್ಪತ್ತು ಜನ ಹೆಂಗಸರು ಖಾಲಿ ಕೊಡ ಹಿಡ್ಕೊಂಡು ಆಕೆ ಬಾಗಿಲಲ್ಲಿ ನಿಂತ್ರು. ಆಕೆ ಮನೆಗೂ ನೀರಿರಲಿಲ್ಲ. ನೀರಗಂಟಿನ, ರಿಪೇರಿಯವರನ್ನ ಅವರೇ ಫೋನ್ ಮಾಡಿ ಕರೆಸಿ, ಸಾಯಂಕಾಲದೊಳಗೆ ಮೋಟರ್ ಇಳಿಸಿದ್ರು. ಆಮೇಲೆ ಮೀಟಿಂಗಲ್ಲಿ ಗಂಡ ಬಾಯಿ ಬಿಡಲಿಲ್ಲ.

ಹಂಗಂತ ಆರಿಸಿ ಬಂದವರೆಲ್ಲ ದೇವರು ಅಂತ ನಾನು ಹೇಳಲ್ಲ. ನಮ್ಮೂರಲ್ಲೇ ಒಂದು ಬೀದಿ ವೋಟು ಹಾಕಲಿಲ್ಲ ಅಂತ ಆ ಬೀದಿಗೆ ನಲ್ಲಿ ಪೈಪು ಬರದಂಗೆ ತಡೆದ ಮೆಂಬರ್ ಇದ್ದ. ಕೊನೆಗೆ ಪೈಪು ಹಾಕಿಸಿದ್ದು ಬೇರೆ ಜಿಲ್ಲೆಯಿಂದ ಬಂದ ಪಿಡಿಒ. ಆಕೆಗೆ ಯಾವ ಬೀದಿ ಯಾರ ಗುಂಪು ಅಂತ ಗೊತ್ತೂ ಇರಲಿಲ್ಲ, ಬೇಕಾಗೂ ಇರಲಿಲ್ಲ. ಊರಿನವರು ಅಲ್ಲದಿರೋದೂ ಒಂದೊಂದು ಸಲ ಒಳ್ಳೇದೇ.

ಅದಕ್ಕೆ ನಾನು ಕೆಲಸಗಳನ್ನ ಎರಡು ರಾಶಿ ಮಾಡ್ತೀನಿ. ಖಾತೆ, ತೆರಿಗೆ, ಲೈಸೆನ್ಸು, ಲೆಕ್ಕ, ಇವೆಲ್ಲ ಮುಖ ನೋಡದೆ ಆಗಬೇಕಾದ್ದು. ಇದಕ್ಕೆ ಪರೀಕ್ಷೆ ಪಾಸು ಮಾಡಿದ, ನೇಮಕ ಆದ ನೌಕರರೇ ಸರಿ. ವೋಟು ಕೇಳಿ ಬಂದವನ ಕೈಗೆ ಖಾತೆ ಪುಸ್ತಕ ಕೊಟ್ರೆ ಶಾನುಭೋಗರ ಕಾಲ ಬೇರೆ ವೇಷದಲ್ಲಿ ವಾಪಸ್ ಬರುತ್ತೆ. ಯಾವ ಕೆರೆ ಹೂಳು ಮೊದಲು ತೆಗೀಬೇಕು, ಇರೋ ದುಡ್ಡಲ್ಲಿ ಚರಂಡಿನಾ ದಾರಿನಾ, ಉದ್ಯೋಗ ಖಾತ್ರಿಯಲ್ಲಿ ಯಾವ ಕಾಮಗಾರಿ, ಇದು ಊರಿನ ತೀರ್ಮಾನ. ಇದಕ್ಕೆ ನಾವು ಬೈಯಬಹುದಾದ, ಐದು ವರ್ಷಕ್ಕೆ ಇಳಿಸಬಹುದಾದ ಮನುಷ್ಯನೇ ಬೇಕು. ದುಡ್ಡು ಬಿಡೋಕೆ ಅಧ್ಯಕ್ಷರು, ಪಿಡಿಒ ಇಬ್ಬರ ಸಹಿನೂ ಬೇಕು ಅಂತ ಇಟ್ಟಿರೋದರ ಅರ್ಥ ಇದೇ ಅಂತ ನನ್ನ ಲೆಕ್ಕ. ನೊಗದಲ್ಲಿ ಎರಡೂ ಎತ್ತು ಇರಬೇಕು. ಆಡಳಿತಾಧಿಕಾರಿ ಹಾಕೋದು ಅಂದ್ರೆ ಒಂಟಿ ಎತ್ತಲ್ಲಿ ಉಳೋದು.

"ಇಬ್ಬರೂ ಸೇರಿ ತಿಂದ್ರೆ?" ಅಂತೀರಿ. ತಿಂದಿರೋದನ್ನ ನೋಡಿದೀವಿ. ಅದಕ್ಕೇ ಗ್ರಾಮಸಭೆ, ಜಮಾಬಂದಿ ಇರೋದು. ಆದ್ರೆ ಗ್ರಾಮಸಭೆಗೆ ನಾವು ಹೋಗಲ್ಲ. ಹಾಜರಿ ಪುಸ್ತಕ ಮನೆ ಬಾಗಿಲಿಗೆ ಬಂದಾಗ ಸಹಿ ಹಾಕಿ ಕಳಿಸ್ತೀವಿ, ಅಲ್ಲಿಗೆ ಸಭೆ ಮುಗೀತು.

ವೋಟಿನ ದುಡ್ಡಿಂದೂ ಒಂದು ಲೆಕ್ಕ ಹಾಕಿ. ಐನೂರು ರೂಪಾಯಿ ಇಸ್ಕೊಂಡ್ರೆ, ಐದು ವರ್ಷಕ್ಕೆ ದಿನಕ್ಕೆ 27 ಪೈಸೆ. ಆ ರೇಟಿಗೆ ಆಳು ಎಂಥ ಕೆಲಸ ಮಾಡ್ತಾನೆ ಅಂತ ನಮಗೆ, ಕೂಲಿ ಕೊಡೋ ರೈತರಿಗೆ, ಬೇರೆ ಹೇಳಬೇಕಾ? ಸುಮಾರು ನಾನೂರು ಜನಕ್ಕೆ ಒಬ್ಬ ಮೆಂಬರ್. ಪಕ್ಷದ ಚಿಹ್ನೆನೂ ಇಲ್ಲ. ಹೆಸರು, ಮನೆ, ನಡತೆ ಎಲ್ಲಾ ಗೊತ್ತಿರೋ ಮನುಷ್ಯನನ್ನ ಆರಿಸೋ ಚುನಾವಣೆ ಇದೊಂದೇ. ಇದನ್ನೇ ಬೇಡ ಅಂದ್ರೆ ಮಿಕ್ಕಿದ್ದಕ್ಕೆ ನಾವು ವೋಟು ಹಾಕಿ ಏನು ಪ್ರಯೋಜನ?

ಮುಂದಿನ ಗ್ರಾಮಸಭೆಗೆ ನಾನು ಮೂರು ಪ್ರಶ್ನೆ ಬರೆದು ಒಯ್ಯೋನಿದೀನಿ: ಹಿಂದಿನ ಸಭೆ ನಡಾವಳಿ ಎಲ್ಲಿ, ಅದರಲ್ಲಿ ಆದದ್ದೆಷ್ಟು, ಆಗದ್ದಕ್ಕೆ ಕಾರಣ ಏನು. ನೀವೂ ನಿಮ್ಮೂರಲ್ಲಿ ಕೇಳಿ, ಏನು ಉತ್ತರ ಬಂತು ಅಂತ ಕೆಳಗೆ ಬರೀರಿ. ಅಧಿಕಾರಿಗಳೇ ವಾಸಿ ಅನ್ನೋರೂ ಕಾರಣ ಸಮೇತ ಬರೀರಿ, ಜಗಳ ಆಡಲ್ಲ. ಸೈನಿಕ ಹುಳು ಎಲ್ಲಾದ್ರೂ ಕಾಣಿಸಿದ್ರೆ ಅದನ್ನೂ ತಿಳಿಸಿ.