ಬೆಥ್ಲೆಹೆಮ್ ಹೇಳಿತ್ತು, ನಾನೇ ಕೇಳಿಸಿಕೊಳ್ಳಲಿಲ್ಲ

2016ರ ಅಕ್ಟೋಬರ್ 15, ಶನಿವಾರ. ಆಗ ನಾವು ಮೂವರು ಹುಡುಗರು ನ್ಯೂಜೆರ್ಸಿಯ ಎಡಿಸನ್‌ನಲ್ಲಿ ಒಂದೇ ಮನೆಯಲ್ಲಿದ್ವಿ. ಓಕ್ ಟ್ರೀ ರೋಡಿಗೆ ಹೋದರೆ ಹುರಿಗಡಲೆಯಿಂದ ಹಿಡಿದು ಅಗರಬತ್ತಿವರೆಗೆ ಎಲ್ಲವೂ ಸಿಗುವ ಊರು ಅದು. ಅವತ್ತು ಅಲ್ಲಿನ ಎಕ್ಸ್‌ಪೋ ಸೆಂಟರ್‌ಗೆ ಡೊನಾಲ್ಡ್ ಟ್ರಂಪ್ ಬರುವವರಿದ್ದರು. ರಿಪಬ್ಲಿಕನ್ ಹಿಂದೂ ಕೊಯಲಿಷನ್‌ನವರ ಕಾರ್ಯಕ್ರಮ, ಜೊತೆಗೆ ಬಾಲಿವುಡ್ ಹಾಡು, ಕುಣಿತ. ನಮ್ಮಲ್ಲೊಬ್ಬ ಟ್ರಂಪ್ ಅಭಿಮಾನಿ, ಇಸ್ತ್ರಿ ಮಾಡಿದ ಕುರ್ತಾ ಹಾಕ್ಕೊಂಡು ಹೊರಟೇಬಿಟ್ಟ. ಇನ್ನೊಬ್ಬನಿಗೆ ಆ ಹೆಸರು ಕೇಳಿದರೇ ಉರಿ. ತಮಾಷೆ ಏನಂದ್ರೆ, ಮೂವರಲ್ಲಿ ಒಬ್ಬರಿಗೂ ಓಟಿಲ್ಲ! ಇದ್ದದ್ದು ಎಚ್-1ಬಿ ವೀಸಾ, ಅಷ್ಟೇ.

ಟ್ರಾಫಿಕ್‌ಗೆ ಹೆದರಿ ನಾನೂ ಆ ‘ಉರಿ’ ಗೆಳೆಯನೂ ಬೆಳಿಗ್ಗೆಯೇ ಕಾರು ಹತ್ತಿ ಹೈವೇ 78 ಹಿಡಿದು ಪಶ್ಚಿಮಕ್ಕೆ ಹೊರಟೆವು. ಒಂದು ಗಂಟೆ ಚಿಲ್ಲರೆ ದಾರಿ. ಡೆಲಾವೇರ್ ನದಿ ದಾಟಿದರೆ ಪೆನ್ಸಿಲ್ವೇನಿಯ. ಎಲೆಗಳು ಕೆಂಪಗೆ, ಹಳದಿಯಾಗಿ ಬಣ್ಣ ತಿರುಗುವ ಸಮಯ. ಆದರೆ ನದಿ ದಾಟುತ್ತಿದ್ದ ಹಾಗೆ ನನ್ನ ಕಣ್ಣು ಹೋದದ್ದು ಮನೆಗಳ ಮುಂದಿನ ಹುಲ್ಲಿನಲ್ಲಿ ನೆಟ್ಟಿದ್ದ ಟ್ರಂಪ್ ಬೋರ್ಡುಗಳ ಮೇಲೆ. ಒಬ್ಬ ಪುಣ್ಯಾತ್ಮ ಅಚ್ಚು ಹಾಕಿಸಿದ ಬೋರ್ಡು ಸಾಲದು ಅಂತ ತಾನೇ ಹಲಗೆಗೆ ಬಣ್ಣ ಬಳಿದು ಬರೆದು ನಿಲ್ಲಿಸಿದ್ದ. “ಹಳ್ಳಿ ಕಡೆ ಹೀಗೇ ಬಿಡು” ಅಂದ ಗೆಳೆಯ. ನಾನೂ ಹೂಂ ಅಂದೆ.

ನಾವು ಹೋಗಿದ್ದು ಬೆಥ್ಲೆಹೆಮ್‌ಗೆ. 1741ರ ಕ್ರಿಸ್‌ಮಸ್ ಹಿಂದಿನ ರಾತ್ರಿ ಮೊರಾವಿಯನ್ ಪಂಥದವರು ಈ ಹೆಸರಿಟ್ಟರಂತೆ. ಆದರೆ ಜಗತ್ತಿಗೆ ಗೊತ್ತಿರುವುದು ಇಲ್ಲಿನ ಉಕ್ಕು. ಗೋಲ್ಡನ್ ಗೇಟ್ ಸೇತುವೆಗೆ ಉಕ್ಕು ಕೊಟ್ಟದ್ದು ಬೆಥ್ಲೆಹೆಮ್ ಸ್ಟೀಲ್. ಎರಡನೇ ಮಹಾಯುದ್ಧದ ಕಾಲಕ್ಕೆ ಈ ಒಂದೇ ಘಟಕದಲ್ಲಿ ಸುಮಾರು 30 ಸಾವಿರ ಜನ ಕೆಲಸ ಮಾಡುತ್ತಿದ್ದರು. ಇಲ್ಲಿ ಉಕ್ಕು ಕರಗಿಸುವುದು ನಿಂತದ್ದು 1995ರಲ್ಲಿ. 2001ರಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು. 2003ರಲ್ಲಿ ನಿವೃತ್ತ ಕಾರ್ಮಿಕರು ಮತ್ತು ಅವರ ಕುಟುಂಬದವರು ಸೇರಿ ಸುಮಾರು 95 ಸಾವಿರ ಜನರ ಆರೋಗ್ಯ ವಿಮೆ ನಿಂತುಹೋಯಿತು.

ಈಗ ಐದು ದೈತ್ಯ ಕುಲುಮೆಗಳು ತುಕ್ಕು ಹಿಡಿದು ಸಾಲಾಗಿ ನಿಂತಿವೆ. ಅವುಗಳ ಬುಡದಲ್ಲಿ ಸಂಗೀತದ ವೇದಿಕೆ. ಅದಿರಿನ ಬಂಡಿ ಓಡುತ್ತಿದ್ದ ಎತ್ತರದ ಹಳಿಯ ಮೇಲೆ ಜನ ಅಡ್ಡಾಡುವ ದಾರಿ. ಪಕ್ಕದಲ್ಲೇ ಕ್ಯಾಸಿನೊ. ಅದಿರು ಎತ್ತುತ್ತಿದ್ದ ಕ್ರೇನಿನ ಮೇಲೇ ಕ್ಯಾಸಿನೊ ಹೆಸರು ಕೆಂಪು ದೀಪದಲ್ಲಿ ಉರಿಯುತ್ತಿತ್ತು. ನಾನು ಭದ್ರಾವತಿಯವನು. ಅಪ್ಪ ಕಬ್ಬಿಣದ ಕಾರ್ಖಾನೆಯಲ್ಲೇ ಇದ್ದವರು, ಸೈರನ್ ಕೇಳಿ ಹೊತ್ತು ಹೇಳುವ ಮನೆ ನಮ್ಮದು. ಆ ಕುಲುಮೆಗಳನ್ನು ನೋಡಿದಾಗ ಫೋಟೊ ತೆಗೆಯೋಕೂ ಒಂಥರಾ ಆಯ್ತು.

ಬೆಂಚಿನ ಮೇಲೆ ಕೂತಿದ್ದ ಹಿರಿಯರೊಬ್ಬರ ಹತ್ತಿರ ಇದನ್ನೇ ಹೇಳಿದೆ. ಅವರೂ ಇಲ್ಲೇ ದುಡಿದವರು. ಅಪ್ಪ ಕಬ್ಬಿಣದವರು ಅಂದದ್ದೇ ತಡ, ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟರು. ಯಾವ ಕುಲುಮೆ ಯಾವಾಗ ಆರಿತು ಅಂತೆಲ್ಲ ತೋರಿಸಿದರು. ಮಾತು ಚುನಾವಣೆಗೆ ಬಂತು. ಒಬಾಮಾಗೆ ಎರಡು ಸಲವೂ ಓಟು ಹಾಕಿದ್ದರಂತೆ. “ನಾವು ನಾಲ್ಕು ಜನ ಒಟ್ಟಿಗೆ ಬೌಲಿಂಗ್‌ಗೆ ಹೋಗ್ತೀವಿ. ನಾಲ್ವರೂ ಆಗ ಒಬಾಮಾ. ಈಗ ಮೂವರು ಟ್ರಂಪ್” ಅಂದರು. ತಾವು ಆ ಮೂವರಲ್ಲಿ ಒಬ್ಬರಾ ಅಂತ ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. “ಗೆಲ್ತಾರಾ?” ಅಂದೆ. “ಇಲ್ಲಿ ಗೆಲ್ತಾನೆ. ಬೇರೆ ಕಡೆಯದು ನಂಗೊತ್ತಿಲ್ಲ.”

ಮಧ್ಯಾಹ್ನ ಊಟಕ್ಕೆ ಕೂತ ಡೈನರ್‌ನಲ್ಲಿ ಕಾಫಿ ಹಾಕುತ್ತಿದ್ದ ಹೆಂಗಸಿಗೂ ಅದೇ ಪ್ರಶ್ನೆ ಕೇಳಿದೆ. ಹೆಣ್ಣುಮಕ್ಕಳ ಬಗ್ಗೆ ಟ್ರಂಪ್ ಆಡಿದ್ದ ಹಳೆಯ ಮಾತಿನ ಟೇಪು ಹೊರಬಿದ್ದು ಆಗಿನ್ನೂ ಒಂದು ವಾರ. “ಆ ಟೇಪ್ ಕೇಳಿದ ಮೇಲೂ? ಚಾನ್ಸೇ ಇಲ್ಲ, ನಾವು ಹೆಂಗಸರು ಬಿಡ್ತೀವಾ?” ಅಂದಳು. ನನಗೆ ಖುಷಿಯಾಯ್ತು. ಫೋನ್ ತೆಗೆದು ನೋಡಿದೆ. ಮುನ್ನಂದಾಜು ಹೇಳುವ ಸೈಟುಗಳು ಹಿಲರಿ ಕ್ಲಿಂಟನ್ ಗೆಲ್ಲುವ ಸಾಧ್ಯತೆ ಶೇ. 80ರ ಮೇಲೆ ಅಂತಿದ್ದವು. ಬೆಂಚಿನ ಹಿರಿಯರದು ‘ಒಬ್ಬರ ಅಭಿಪ್ರಾಯ’, ಡೈನರ್ ಹೆಂಗಸಿನದು ‘ಜನಾಭಿಪ್ರಾಯ’ ಅಂತ ಮನಸ್ಸು ತಾನಾಗಿಯೇ ತೀರ್ಪು ಕೊಟ್ಟುಬಿಟ್ಟಿತ್ತು. ಸಂಜೆ ಮನೆಗೆ ಬಂದು, ಟ್ರಂಪ್ ದೀಪ ಬೆಳಗಿದ್ದನ್ನು ಬಣ್ಣಿಸುತ್ತಿದ್ದ ಕುರ್ತಾ ಗೆಳೆಯನ ಜೊತೆ ಒಂದು ತಿಂಗಳ ಮಸಾಲೆದೋಸೆ ಬೆಟ್ ಕಟ್ಟಿದೆ.

ನವೆಂಬರ್ 8ರ ರಾತ್ರಿ ನೀವೂ ನೋಡಿರಬಹುದು. ನ್ಯೂಯಾರ್ಕ್ ಟೈಮ್ಸ್ ಪುಟದಲ್ಲಿ ಗಡಿಯಾರದ ಮುಳ್ಳಿನಂಥದ್ದೊಂದು ಅಲ್ಲಾಡುತ್ತಿತ್ತು. ಬೆಳಿಗ್ಗೆ ಆ ಪತ್ರಿಕೆ ಹಿಲರಿಗೆ ಕೊಟ್ಟದ್ದು ಶೇ. 85, ಫೈವ್‌ಥರ್ಟಿಎಯ್ಟ್ ಕೊಟ್ಟದ್ದು 71, ಹಫಿಂಗ್ಟನ್ ಪೋಸ್ಟ್ ಅಂತೂ 98! ಮುಳ್ಳು ನಿಧಾನಕ್ಕೆ ಆ ಕಡೆ ವಾಲಿತು. ರಾತ್ರಿ ಎರಡೂವರೆಗೆ ಎಲ್ಲ ಮುಗಿದಿತ್ತು. 1988ರ ನಂತರ ರಿಪಬ್ಲಿಕನ್ನರಿಗೆ ಒಲಿಯದ ಪೆನ್ಸಿಲ್ವೇನಿಯ, 61 ಲಕ್ಷಕ್ಕೂ ಹೆಚ್ಚು ಓಟುಗಳಲ್ಲಿ ಬರೀ 44 ಸಾವಿರದ ಅಂತರದಲ್ಲಿ ತಿರುಗಿಬಿತ್ತು. ಬೆಥ್ಲೆಹೆಮ್‌ನ ಬಹುಭಾಗ ಇರುವ ನಾರ್ತಾಂಪ್ಟನ್ ಕೌಂಟಿಯಲ್ಲಿ ಒಬಾಮಾ ಎರಡು ಸಲ ಗೆದ್ದಿದ್ದರು. ಅಲ್ಲೂ ಟ್ರಂಪ್.

ದೇಶದ ಒಟ್ಟು ಓಟಿನಲ್ಲಿ ಹಿಲರಿಗೇ 28 ಲಕ್ಷಕ್ಕೂ ಹೆಚ್ಚು ಮುನ್ನಡೆ. ಆದರೆ ಅಲ್ಲಿ ಎಣಿಸೋದು ರಾಜ್ಯವಾರು. ನಮಗೇನು ಇದು ಹೊಸದಲ್ಲ. 2018ರ ಕರ್ನಾಟಕ ವಿಧಾನಸಭೆ ಚುನಾವಣೆಯಲ್ಲಿ ಶೇ. 38 ಓಟು ಪಡೆದ ಕಾಂಗ್ರೆಸ್‌ಗೆ 80 ಸೀಟು, ಶೇ. 36 ಪಡೆದ ಬಿಜೆಪಿಗೆ 104. ಇನ್ನು ಸಮೀಕ್ಷೆಗಳ ಕಥೆ. ದೇಶವ್ಯಾಪಿ ಸಮೀಕ್ಷೆಗಳು ತುಂಬ ಏನೂ ತಪ್ಪಿರಲಿಲ್ಲ, ಎಡವಿದ್ದು ರಾಜ್ಯಗಳಲ್ಲಿ. ಕಾಲೇಜು ಓದಿದವರು ಸಮೀಕ್ಷೆಗೆ ಹೆಚ್ಚು ಸಿಗುತ್ತಾರೆ. ಆ ಏರುಪೇರನ್ನು ಸರಿದೂಗಿಸದ ಕಡೆ ಲೆಕ್ಕ ಹಿಲರಿ ಕಡೆ ವಾಲಿತ್ತು. ಕೊನೇ ವಾರ ಮನಸ್ಸು ಮಾಡಿದವರೂ ಈ ರಾಜ್ಯಗಳಲ್ಲಿ ಹೆಚ್ಚಾಗಿ ಟ್ರಂಪ್ ಕಡೆ ಹೋದರು. ಇದೆಲ್ಲ ಗೊತ್ತಾದದ್ದು ಆಮೇಲೆ, ಸರಿ. ಆದರೆ ಶೇ. 71 ಅಂದ್ರೆ ಉಳಿದ 29 ಎಲ್ಲಿ ಹೋಯ್ತು ಅಂತ ಕೋಡ್ ಬರೆದು ಬದುಕೋ ನಾನು ಕೇಳಿಕೊಳ್ಳಲೇ ಇಲ್ಲ. ಮಳೆ ಸಾಧ್ಯತೆ ಶೇ. 29 ಅಂದಾಗ ಛತ್ರಿ ಮಾತ್ರ ಬ್ಯಾಗಿನಲ್ಲಿರುತ್ತೆ!

ದೋಸೆ ಖರ್ಚು ದೊಡ್ಡದೇನಲ್ಲ. ಮುಂದಿನ ವರ್ಷ ಏಪ್ರಿಲ್‌ನಲ್ಲಿ ಎಚ್-1ಬಿಯ ತ್ವರಿತ ಸೇವೆ ನಿಂತಿತು. ನನ್ನ ವಿಸ್ತರಣೆ ಅರ್ಜಿಗೆ ಪ್ರಶ್ನೆ ಮೇಲೆ ಪ್ರಶ್ನೆ ಬಂತು. ಊರಿಗೆ ಹೋದರೆ ವಾಪಸ್ ಬರುವ ಖಾತ್ರಿ ಇರಲಿಲ್ಲ. ಭದ್ರಾವತಿಯಲ್ಲಿ ಅಪ್ಪನ ಷಷ್ಟ್ಯಬ್ದಿ ನಡೆದಾಗ ನಾನು ಎಡಿಸನ್‌ನ ಅಡುಗೆಮನೆಯಲ್ಲಿ ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿ ನೋಡುತ್ತಾ ನಿಂತಿದ್ದೆ. ನೆಟ್‌ವರ್ಕ್ ಎರಡು ಸಲ ಹೋಯ್ತು. “ಮುಂದಿನ ವರ್ಷ ಬಾ, ಏನಂತೆ” ಅಂದರು ಅಪ್ಪ. ಟ್ರಂಪ್ ಸೋಲ್ತಾರೆ ಅನ್ನೋ ಧೈರ್ಯದಲ್ಲೇ ನಾನು ಆ ಡಿಸೆಂಬರ್ ರಜೆಯನ್ನು ಮುಂದಕ್ಕೆ ಹಾಕಿದ್ದು. ಅದನ್ನ ಅಪ್ಪನಿಗೆ ಇವತ್ತಿಗೂ ಹೇಳಿಲ್ಲ.

2020ರಲ್ಲಿ ಅದೇ ಕೌಂಟಿ ಶೇಕಡಾ ಒಂದಕ್ಕಿಂತ ಕಡಿಮೆ ಅಂತರದಲ್ಲಿ ಬೈಡನ್‌ರನ್ನು ಗೆಲ್ಲಿಸಿತು.

2024ರ ಅಕ್ಟೋಬರ್‌ನಲ್ಲಿ ಮತ್ತೆ ಹೋದೆ, ಈ ಸಲ ಹೆಂಡತಿ ಜೊತೆ. ಕ್ರೇನಿನ ಮೇಲಿನ ಕ್ಯಾಸಿನೊ ಹೆಸರು ಬದಲಾಗಿತ್ತು, ಕುಲುಮೆಗಳು ಹಾಗೇ ಇದ್ದವು. ಬೆಂಚಿನಲ್ಲಿ ಬೇರೆ ಯಾರೋ. ಸೈಟುಗಳು ಈ ಸಲ ಫಿಫ್ಟಿ-ಫಿಫ್ಟಿ ಅಂತಿದ್ದವು. ಹಳೆಯ ಡೈನರ್‌ನಲ್ಲಿ ಕಾಫಿ ಹಾಕಿದ ಹುಡುಗನಿಗೆ “ಯಾರು ಗೆಲ್ತಾರೆ?” ಅಂದೆ. “ನೀವು ಟಿವಿಯವರಾ?” ಅಂದ. ಅಲ್ಲ ಅಂದೆ. “ಹಾಗಿದ್ರೆ ಯಾಕೆ ಬೇಕು ಬಿಡಿ. ನಮ್ಮಮ್ಮ ಒಂದು ಕಡೆ, ಅಪ್ಪ ಒಂದು ಕಡೆ. ಮನೇಲಿ ಟಿವಿ ಹಾಕೋದೇ ಬಿಟ್ಟಿದೀವಿ” ಅಂತ ನಗುತ್ತಾ ಬಿಲ್ ಇಟ್ಟು ಹೋದ.

ಕುರ್ತಾ ಗೆಳೆಯ ಈಗ ಡಲ್ಲಾಸ್‌ನಲ್ಲಿದ್ದಾನೆ. ಅವತ್ತು ರಾತ್ರಿ ಫೋನ್ ಮಾಡಿ “ದೋಸೆ ಬೆಟ್ ಕಟ್ತೀಯೇನೋ?” ಅಂದ. ಕಟ್ಟಲಿಲ್ಲ. ಆ ಡಿಸೆಂಬರ್‌ಗೆ ಊರಿಗೆ ಟಿಕೆಟ್ ಮಾತ್ರ ಅವತ್ತೇ ಬುಕ್ ಮಾಡಿದೆ.