ಕಾಕಾನ ಮಗ್ಗದ ಖರ್ಚು

ನಮ್ಮ ಗುಳೇದಗುಡ್ಡದ ಕಡೆ ಮಾಸ್ತರಿಕೆಯಿಂದ ನಿವೃತ್ತರಾದವರು ಹೊಲ ನೋಡಿಕೊಳ್ಳುತ್ತಾರೆ, ಇಲ್ಲವೇ ಗುಡಿಯ ಕಮಿಟಿ ಸೇರುತ್ತಾರೆ. ನಮ್ಮ ಕಾಕಾ ಎರಡನ್ನೂ ಬಿಟ್ಟು ಮಗ್ಗ ತಂದರು. ನಾವು ನೇಕಾರ ಮನೆತನದವರಲ್ಲ. ಆದರೆ ಖಣ ನೇಯುವ ಓಣಿಯ ಸಪ್ಪಳ ಕೇಳುತ್ತಲೇ ಬೆಳೆದವರು. ಗಣಿತ ಕಲಿಸಿ ದಣಿದ ಕಾಕಾನಿಗೆ, ಒಂದು ಟವೆಲ್ಲಾದರೂ ತನ್ನ ಕೈಯಿಂದ ನೇಯಬೇಕೆಂಬ ಹಂಬಲ ಹತ್ತಿತು.

ಮಗ್ಗವೇನೋ ಅಗ್ಗಕ್ಕೇ ಸಿಕ್ಕಿತು. ಮಕ್ಕಳೆಲ್ಲ ಬೆಂಗಳೂರಿಗೆ ದುಡಿಯಲು ಹೋಗಿದ್ದ ಮನೆಯೊಂದರ ಹಿತ್ತಲಲ್ಲಿ ಅದು ಒಲೆಯ ಪಾಲಾಗಲು ಕಾದಿತ್ತು. ಕಟ್ಟಿಗೆಯ ಬೆಲೆಗಿಂತ ತುಸು ಹೆಚ್ಚು ಕೊಟ್ಟು ಚಕ್ಕಡಿಯಲ್ಲಿ ಹೇರಿಕೊಂಡು ಬಂದರು. ಅಂದಿನಿಂದಲೇ ಒಂದು ವಹಿಯಲ್ಲಿ ಪೈಸೆ ಪೈಸೆಗೂ ಲೆಕ್ಕ ಬರೆಯತೊಡಗಿದರು.

ಖರ್ಚು ಶುರುವಾದದ್ದೇ ಆಮೇಲೆ. ಅದು ಕುಣಿಮಗ್ಗ. ನೇಯುವವನು ನೆಲದ ಮಟ್ಟಕ್ಕೆ ಕೂತು, ಕಾಲನ್ನು ಕುಣಿಯೊಳಗೆ ಇಳಿಬಿಟ್ಟು ಹಲಗೆ ತುಳಿಯಬೇಕು. ನೆಲದ ತಂಪಿಗೆ ಹತ್ತಿಯ ಎಳೆ ಬೇಗ ಹರಿಯುವುದಿಲ್ಲ ಎನ್ನುವುದು ಅದರ ಗುಣ. ಅದಕ್ಕಾಗಿ ಪಡಸಾಲೆಯ ಫರಸಿ ಕೀಳಬೇಕಾಯಿತು. ಕಾಕು ಸೊಂಟದ ಮೇಲೆ ಕೈಯಿಟ್ಟು ನಿಂತರು: "ಮಂದಿ ಮನಿ ಕಟ್ಟಿಸ್ತಾರ, ನೀವು ಕುಣಿ ತೋಡಸ್ತೀರಿ!" ಗೌಂಡಿಯ ಕೂಲಿ, ಬಡಿಗನ ಕೂಲಿ, ಹಳೆಯದು ತುಕ್ಕು ಹಿಡಿದಿದ್ದರಿಂದ ಹೊಸ ಹಣಿಗೆ, ಹೊಸ ಲಾಳಿ. ವಹಿಯ ಮೊದಲ ಪುಟ ತುಂಬಿತು.

ನೂಲಿನ ಅಂಗಡಿಯಲ್ಲಿ ಇನ್ನೊಂದು ಪಾಠವಾಯಿತು. ಕಾಕಾ ಕೇಳಿದ್ದು 20ರ ನೂಲು. ಅಂದರೆ 840 ಗಜದ 20 ಲಡಿ ಸೇರಿದರೆ ಒಂದು ಪೌಂಡ್ ತೂಗುವ ನೂಲು. 24 ಅಂಗುಲ ಅಗಲಕ್ಕೆ, ಅಂಗುಲಕ್ಕೆ 40ರಂತೆ 960 ಎಳೆ. ಹತ್ತು ಮೀಟರಿನ ಹಾಸು, ಅಂದರೆ ಉದ್ದೆಳೆ, ಹೂಡಲು ಲೆಕ್ಕ ಹಾಕಿದರೆ 300 ಗ್ರಾಂ ಕೂಡ ಬೇಕಿಲ್ಲ. ಅಂಗಡಿಯವನು ನಕ್ಕು ಹತ್ತು ಪೌಂಡಿನ ಗಂಟನ್ನೇ ಮುಂದಿಟ್ಟ. ಬಿಡಿಯಾಗಿ ಕೊಡುವ ರೂಢಿ ಅವನಿಗಿರಲಿಲ್ಲ, ಕೇಳುವ ನೇಕಾರನೂ ಇರಲಿಲ್ಲ.

ಮಗ್ಗ ಮಾರಿದ ಮನೆಯ ಹಿರಿಯರೇ ಹೂಡಿಕೊಡಲು ಬಂದರು. 960 ಎಳೆಗಳನ್ನೂ ಒಂದೊಂದಾಗಿ ದಾರದ ಕಣ್ಣಿನೊಳಗೆ ತೂರಿಸಿ, ಹಣಿಗೆಯ ಸಂದಿಯಲ್ಲಿ ಎಳೆಯಬೇಕು. "ನಾವು ಇದನ್ನ ಪ್ರತಿ ಸಲ ಮಾಡಂಗಿಲ್ರೀ ಮಾಸ್ತರ್ರ. ಹಳೇ ಹಾಸಿನ ತುದಿಗೆ ಹೊಸಾದು ಕೆಚ್ಚತೀವಿ" ಎಂದು, ಬೆರಳಿಗೆ ಬೂದಿ ಮುಟ್ಟಿಸಿಕೊಂಡು ಎರಡು ಎಳೆ ಹೊಸೆದು ತೋರಿಸಿದರು. ಗಂಟಿಲ್ಲ, ಆದರೂ ಜಗ್ಗಿದರೆ ಬಿಚ್ಚದು. ಹಾಸು ಗಿಡ್ಡವಾದಷ್ಟೂ ನಷ್ಟ ಹೆಚ್ಚು ಎಂದೂ ಹೇಳಿದರು. ಕೊನೆಯ ಮೊಳದಷ್ಟು ಹಾಸನ್ನು ಯಾವ ಮಗ್ಗದಲ್ಲೂ ನೇಯಲಾಗುವುದಿಲ್ಲ. ನೂರು ಮೊಳದ ಹಾಸಿಗೂ ಅಷ್ಟೇ ಪೋಲು, ಹತ್ತು ಮೊಳದ್ದಕ್ಕೂ ಅಷ್ಟೇ.

ಮೊದಲ ಟವೆಲ್ ಇಳಿದದ್ದು ಚಳಿಗಾಲದಲ್ಲಿ. ಅಂಚು ಹಾವಿನಂತೆ ಸುಳಿದಿತ್ತು, ನಡುನಡುವೆ ಎಳೆ ತಪ್ಪಿತ್ತು. ಆದರೂ ಓಣಿಯವರೆಲ್ಲ ಮುಟ್ಟಿ ನೋಡಿದರು. ಆ ರಾತ್ರಿ ಅಂಗಳದಲ್ಲಿ ಬೆಂಕಿ ಕಾಯಿಸಿಕೊಳ್ಳುತ್ತ ಕೂತಾಗ ಕಾಕಾ ವಹಿ ತಂದು ಗಟ್ಟಿಯಾಗಿ ಓದಿದರು: ಮಗ್ಗ, ಕುಣಿ, ಬಡಿಗ, ಹಣಿಗೆ, ನೂಲು, ಬಣ್ಣ, ಗಂಜಿ. ಕೊನೆಗೆ ತಮ್ಮ ದಿನಗಳಿಗೆ ತಾವೇ ಕಟ್ಟಿದ ಕೂಲಿ. ಮೊತ್ತ ಕೇಳಿ ನಾವೆಲ್ಲ ಹೊಟ್ಟೆ ಹಿಡಿದು ನಕ್ಕೆವು. ಆ ದುಡ್ಡಿಗೆ ಪೇಟೆಯಲ್ಲಿ ಒಂದು ಮದುವೆಗಾಗುವಷ್ಟು ಟವೆಲ್ ಬರುತ್ತಿದ್ದವು.

ಮಗ್ಗ ಹೂಡಿಕೊಟ್ಟ ಹಿರಿಯರು ಮಾತ್ರ ನಗಲಿಲ್ಲ. "ಇದರಾಗ ನಮ್ಮ ಅಕ್ಕಾರ ಕೂಲಿ ಎಲ್ಲೈತ್ರಿ?" ಎಂದು ಕೇಳಿದರು.

ಆಗಲೇ ನಮಗೆಲ್ಲ ಹೊಳೆದದ್ದು: ಬೈಯುತ್ತಲೇ ಇದ್ದ ಕಾಕು ದಿನವೂ ರಾಟಿಯ ಮುಂದೆ ಕೂತು, ಲಾಳಿಗೆ ಬೇಕಾದ ಕಂಡಿಕೆಗಳನ್ನೆಲ್ಲ ಸುತ್ತಿಕೊಟ್ಟಿದ್ದರು. ಲಡಿ ಬಿಡಿಸಿದ್ದು, ಗಂಜಿ ಕುದಿಸಿದ್ದು, ಹರಿದ ಎಳೆ ಹುಡುಕಿದ್ದು ಎಲ್ಲ ಅವರೇ. ವಹಿಯಲ್ಲಿ ಗಂಜಿಯ ಹಿಟ್ಟಿಗೆ ಬೆಲೆ ಇತ್ತು, ಕುದಿಸಿದ ಕೈಗೆ ಇರಲಿಲ್ಲ.

"ನಮ್ಮ ಮನ್ಯಾಗೂ ಬರದಿಲ್ರಿ" ಎಂದರು ಹಿರಿಯರು. "ಬರದಿದ್ರ ಆ ರೇಟಿಗೆ ಅರಿವಿ ಮಾರಾಕ ಆಗ್ತಿರಲಿಲ್ಲ."

ಕಾಕಾ ಪೆನ್ನು ತರಿಸಿದರು. "ಬರೀರಿ ಬರೀರಿ, ಕೊಡೂದು ಆಮ್ಯಾಗ ನೋಡೂಣು" ಎಂದು ಕಾಕು ಅಂದಾಗ ಅಂಗಳವೆಲ್ಲ ಮತ್ತೆ ನಗೆ.

2019-20ರ ಕೈಮಗ್ಗ ಗಣತಿಯ ಪ್ರಕಾರ ದೇಶದಲ್ಲಿ ಸುಮಾರು 35 ಲಕ್ಷ ಕೈಮಗ್ಗ ಕೆಲಸಗಾರರಿದ್ದರು. ಅವರಲ್ಲಿ ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಹೆಂಗಸರು. ಮೂರರಲ್ಲಿ ಎರಡರಷ್ಟು ನೇಕಾರ ಕುಟುಂಬಗಳ ತಿಂಗಳ ಆದಾಯ 5000 ರೂಪಾಯಿ ದಾಟಿರಲಿಲ್ಲ. ಈ ಅಂಕಿ ಓದಿದಾಗ ನನಗೆ ಕಾಕಾನ ವಹಿಯೇ ನೆನಪಾಯಿತು. ಹವ್ಯಾಸಕ್ಕೆ ನೇಯುವವನಿಗೆ ಬಟ್ಟೆ ದುಬಾರಿಯಾಗುವುದು ಅವನು ಪ್ರತಿಯೊಂದಕ್ಕೂ ಬೆಲೆ ತೆರುವುದರಿಂದ. ನೇಕಾರನ ಬಟ್ಟೆ ಅಗ್ಗವಾಗುವುದು ಮನೆಮಂದಿಯ ದುಡಿಮೆ ಲೆಕ್ಕಕ್ಕೆ ಬಾರದ್ದರಿಂದ.

ನಿಮಗೂ ನೇಯುವ ಆಸೆ ಇದ್ದರೆ ಅವಶ್ಯ ನೇಯಿರಿ. ಆದರೆ ಕೂಡಲೇ ಮಗ್ಗ ಕೊಳ್ಳಬೇಡಿ. ಹತ್ತಿರದ ನೇಕಾರರ ಮನೆಗೆ ಹೋಗಿ, ದಿನಗೂಲಿ ಕೊಟ್ಟು, ಅವರ ಮಗ್ಗದ ಮೇಲೇ ಕಲಿಯಿರಿ. ಕೂಲಿ ಕೊಡುವಾಗ ರಾಟಿಯ ಮುಂದೆ ಕೂತವರದ್ದನ್ನೂ ಸೇರಿಸಿ ಕೊಡಿ.